ಹಣಿಗೆ ಮುಟ್ಟದ ತಲೆ

ಮೈಸೂರಿನ ಕಡೆಯ ಬಾಚಣಿಗೆ ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಗೆ ಬಂದರೆ ಹಣಿಗೆಯಾಗುತ್ತದೆ. ನಿಪ್ಪಾಣಿ, ಕಾಗವಾಡಗಳನ್ನು ದಾಟಿ ಮರಾಠಿಯ ನೆಲಕ್ಕೆ ಕಾಲಿಟ್ಟರೆ ಅದೇ ‘ಫಣಿ’. ನೇಕಾರನ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು ಹೊಕ್ಕನ್ನು ಒತ್ತುವ ಸಾಧನಕ್ಕೂ ಹಣಿಗೆಯೆಂದೇ ಹೆಸರು. ನೂಲಾಗಲಿ ಕೂದಲಾಗಲಿ, ಸಿಕ್ಕು ಬೀಳಗೊಡದಿರುವುದೇ ಎರಡರ ಧರ್ಮ.

ಹಳೆಯ ಮನೆಗಳ ಗೋಡೆಯ ಗೂಡಿನಲ್ಲಿ, ಕನ್ನಡಿ ಕುಂಕುಮದ ಭರಣಿಗಳ ಮಗ್ಗುಲಲ್ಲಿ ಇರುತ್ತಿದ್ದ ಮರದ ಹಣಿಗೆಗೆ ಎರಡು ಮುಖ. ಒಂದು ಕಡೆಯ ಬಿಡಿ ಹಲ್ಲು ಸಿಕ್ಕು ಬಿಡಿಸುವುದಕ್ಕೆ. ಇನ್ನೊಂದು ಕಡೆಯ ಒತ್ತು ಹಲ್ಲು ಹೇನು, ಸೀರುಗಳನ್ನು ತೆಗೆಯುವುದಕ್ಕೆ. ಸೀರು ತೆಗೆಯುವುದರಿಂದ ಸೀರಣಿಗೆ. ಅದನ್ನು ಮಾಡುವುದು ತಾಳ್ಮೆಯ ಕೆಲಸ. ಎಳೆ ನೇರವಾಗಿದ್ದು ಒತ್ತಾಗಿರುವ ಮರವೇ ಬೇಕು. ಎತ್ತೇಗವೆಂಬ ಅರಿಸಿನ ಬಣ್ಣದ ಮರ ಇದಕ್ಕೆ ಹೆಸರಾದದ್ದು. ಹಲ್ಲುಗಳನ್ನು ಮರದ ಎಳೆಯ ಉದ್ದಕ್ಕೇ ಕೊಯ್ಯಬೇಕು. ಅಡ್ಡಕ್ಕೆ ಕೊಯ್ದರೆ ಮೊದಲ ಸಿಕ್ಕಿಗೇ ಮುರಿದು ಕೈಗೆ ಬರುವುದು. ಸಣ್ಣ ಗರಗಸದಿಂದ ಒಂದೊಂದೇ ಸೀಳು ಹಾಕಿ, ತುದಿಗಳನ್ನು ನಯಮಾಡಿ, ಎಣ್ಣೆ ಕುಡಿಸಿದ ಮೇಲೆಯೇ ಅದು ತಲೆಗೆ ಯೋಗ್ಯ.

ಹೇನಿನ ಪೀಡೆ ಒಂದು ದೇಶದ್ದಲ್ಲ, ಒಂದು ಕಾಲದ್ದೂ ಅಲ್ಲ. ಇಸ್ರೇಲಿನ ಲಾಕೀಶ್ ಎಂಬಲ್ಲಿ ದೊರೆತ, ಸುಮಾರು 3,700 ವರ್ಷಗಳಷ್ಟು ಹಳೆಯದೆನ್ನಲಾದ ದಂತದ ಹಣಿಗೆಯ ಮೇಲಿನ ಬರಹವನ್ನು ವಿದ್ವಾಂಸರು 2022ರಲ್ಲಿ ಪ್ರಕಟಿಸಿದರು. ತಲೆಯ ಹೇನೂ ಗಡ್ಡದ ಹೇನೂ ತೊಲಗಲಿ ಎಂಬ ಹಾರೈಕೆ ಅದು! ಅದಕ್ಕೂ ಎರಡು ಮುಖದ ಹಲ್ಲು.

ಬೆಳಗಾವಿ ಸೀಮೆಯಲ್ಲಿ ಮಾತ್ರ ಹಣಿಗೆಯ ಕಥೆ ಹೇನಿಗೇ ಮುಗಿಯಲಿಲ್ಲ. ಎಣ್ಣೆ ಕಾಣದ, ಹಣಿಗೆ ಮುಟ್ಟದ ಕೂದಲು ಗಂಟುಗಟ್ಟಿ ಜಡೆಯಾಗುವುದು ಸಹಜ. ಸವದತ್ತಿ ಯಲ್ಲಮ್ಮನ ಭಕ್ತರಲ್ಲಿ ಅದನ್ನು ದೇವಿಯ ಕರೆಯೆಂದು ತಿಳಿದವರು ಹಲವರು. ಬಿಡಿಸಿದರೆ ಮನೆಗೆ ಕೇಡೆಂಬ ಭಯದಿಂದ ಹಣಿಗೆಯನ್ನು ದೂರವಿಟ್ಟರು. ಜಡೆ ಬಂದಿತೆಂಬ ಒಂದೇ ಕಾರಣಕ್ಕೆ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟದ್ದೂ ಉಂಟು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾಯಿದೆ ಬಂದಿತು. 1982ರಲ್ಲಿ ಕರ್ನಾಟಕವು ಬೇರೆಯೇ ಕಾಯಿದೆ ಮಾಡಿ, ಹಾಗೆ ದೇವರಿಗೆ ಬಿಡುವುದನ್ನು ಅಪರಾಧವೆಂದು ಸಾರಿತು. ಆದರೂ ಕಾಯಿದೆಯ ಕೈ ಕೂದಲಿನ ಗಂಟಿನವರೆಗೆ ಹೋಗಲಾರದು. ಸಮಾಜಸೇವಕರು ಮನೆಗಳಿಗೆ ನಡೆದು, ಹೆದರಿದ ಹೆಂಗಸರ ಮನವೊಲಿಸಿ, ಒಪ್ಪಿಸಿ ಜಡೆ ಕತ್ತರಿಸಬೇಕಾಯಿತು. ಕತ್ತರಿಸಿದ ಮೇಲೆ ಕೇಡೇನೂ ಬಾರದಿದ್ದುದನ್ನು ಕಂಡು ನೆರೆಮನೆಯವರಿಗೂ ಧೈರ್ಯ ಬಂದಿತು.

ದೀಪ ಹಚ್ಚುವ ಮುನ್ನ ಹೆಣ್ಣುಮಕ್ಕಳ ತಲೆ ಹಿಕ್ಕಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಮರದ ಹಣಿಗೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂದು ಎಷ್ಟೋ ಕಾಲವಾಯಿತು. ಹಣಿಗೆ ಯಾವುದಾದರೂ ಆಗಲಿ, ಮಗಳನ್ನು ಎದುರಿಗೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಎಳೆಎಳೆಯಾಗಿ ಸಿಕ್ಕು ಬಿಡಿಸುವ ತಾಯಿಗೆ ದಿನಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆ ದೊರೆಯದ ಮನೆಗಳಲ್ಲಿ ಎಷ್ಟು ಹುಡುಗಿಯರ ಬಾಳು ಗಂಟು ಬಿದ್ದಿತೆಂಬುದನ್ನು ಈ ಸೀಮೆ ಬಲ್ಲದು.