ಹಾಡಿಗೂ ಒಂದು ವಿಳಾಸ ಬೇಕು

ಬೆಂಗಳೂರಿನ ರಾಕ್ ಬ್ಯಾಂಡ್ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಶುರುವಾದದ್ದು 1996ರಲ್ಲಿ. ಕಾಲು ಶತಮಾನ ಹತ್ತಿರ ಬಂದಾಗ, 2020ರಲ್ಲಿ ಅದು ತಂದ ಆಲ್ಬಂ ಹೆಸರು 'ಎ ವರ್ಲ್ಡ್ ಗಾನ್ ಮ್ಯಾಡ್', ಅಂದರೆ ಹುಚ್ಚು ಹಿಡಿದ ಲೋಕ. ಹಾಡುಗಳು ಇಂಗ್ಲಿಷ್‌ನಲ್ಲಿವೆ, ವಿಷಯ ಈ ಕಾಲದ ರಾಜಕೀಯ ಮತ್ತು ಸಮಾಜ. ಬಾಯಿ ಮುಚ್ಚಿ ಕೂತರೇ ಕ್ಷೇಮ ಅನ್ನುವ ಕಾಲದಲ್ಲಿ ಹಿರಿಯ ಕಲಾವಿದರು ಬಾಯಿ ಬಿಟ್ಟದ್ದು ಸಣ್ಣ ಮಾತಲ್ಲ. ಆದರೆ ಇಂಥ ಹಾಡು ಹೋಗಿ ತಲುಪುವುದು ಎಲ್ಲಿಗೆ? ಉತ್ತರಕ್ಕೆ ಲಂಡನ್, ನ್ಯೂಯಾರ್ಕ್ ಬೇಡ. ಹೊಸೂರು ದಾಟಿ ಧರ್ಮಪುರಿ, ಸೇಲಂ ಕಡೆ ನೋಡಿದರೆ ಸಾಕು. ಬೆಂಗಳೂರಿನಿಂದ ಸೇಲಂಗೆ ಸುಮಾರು 200 ಕಿ.ಮೀ. ಅಷ್ಟೇ.

ಮೊದಲು ನೀರಿನ ವಿಷಯ. ಬೆಂಗಳೂರಿನದೇ ಇನ್ನೊಂದು ಬ್ಯಾಂಡ್ 'ಸ್ವರಾತ್ಮ' 2009ರ ತನ್ನ ಆಲ್ಬಂನಲ್ಲಿ ಕಾವೇರಿಯ ದುಸ್ಥಿತಿಯ ಬಗ್ಗೆ 'ಪ್ಯಾಸಿ' ಎಂಬ ಹಾಡು ಹಾಡಿತ್ತು. ಅದೇ ಕಾವೇರಿ ಧರ್ಮಪುರಿಯ ಹೊಗೇನಕಲ್‌ನಲ್ಲಿ ಧುಮುಕಿ, ಸೇಲಂ ಜಿಲ್ಲೆಯ ಮೆಟ್ಟೂರು ಡ್ಯಾಂ ಸೇರುತ್ತದೆ. 1934ರಲ್ಲಿ ಮುಗಿದ ಆ ಡ್ಯಾಂನಲ್ಲಿ 93.47 ಟಿಎಂಸಿ ನೀರು ನಿಲ್ಲುತ್ತದೆ. ಹಾಡು ಬಂದು ಏಳು ವರ್ಷದ ಮೇಲೆ, 2016ರ ಸೆಪ್ಟೆಂಬರ್ 12ರಂದು, ಅದೇ ನದಿಯ ಹೆಸರಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ಸೇಲಂ ಮೂಲದ ಕೆಪಿಎನ್ ಟ್ರಾವೆಲ್ಸ್‌ನ ಹತ್ತಾರು ಬಸ್‌ಗಳು ಒಂದೇ ಕಡೆ ಬೂದಿಯಾದವು. ಕೊನೆಗೆ ಲೆಕ್ಕ ತೀರ್ಮಾನವಾದದ್ದು ಸುಪ್ರೀಂ ಕೋರ್ಟಿನಲ್ಲಿ: 2018ರ ಫೆಬ್ರವರಿ 16ರ ತೀರ್ಪಿನಂತೆ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ. ಇದರಲ್ಲಿ ಹಾಡಿನ ತಪ್ಪೇನಿಲ್ಲ. ಆದರೆ ನದಿ ಒಣಗುತ್ತಿದೆ ಅಂತ ಮರುಗಿದ ಹಾಡಿಗೆ, ಎರಡೂ ಕಡೆಯ ರೈತರನ್ನು ಒಟ್ಟಿಗೆ ಕೂರಿಸುವ ಜನ ಬೆನ್ನಿಗಿರಲಿಲ್ಲ.

ಎರಡನೆಯದು ರಸ್ತೆಯ ವಿಷಯ. 2018ರಲ್ಲಿ ಚೆನ್ನೈ–ಸೇಲಂ ಎಂಟು ಪಥದ ಹೆದ್ದಾರಿಗೆ ಸರ್ವೇ ಕಲ್ಲು ನೆಟ್ಟರು. ಉದ್ದ ಸುಮಾರು 277 ಕಿ.ಮೀ., ಖರ್ಚು ಸುಮಾರು 10,000 ಕೋಟಿ ರೂಪಾಯಿ. ಸೇಲಂ, ಧರ್ಮಪುರಿಯ ರೈತರು ಗದ್ದೆ, ತೋಟ, ಬಾವಿ ಹೋಗುತ್ತದೆ ಅಂತ ಎದ್ದು ನಿಂತರು. ಆ ಜೂನ್‌ನಲ್ಲಿ, ಯೋಜನೆ ವಿರುದ್ಧ ಸೇಲಂನಲ್ಲಿ ಮಾಡಿದ ಭಾಷಣಕ್ಕೆ ನಟ ಮನ್ಸೂರ್ ಅಲಿ ಖಾನ್ ಜೈಲಿಗೆ ಹೋದರು. ಸೇಲಂನ ಪರಿಸರ ಹೋರಾಟಗಾರ ಪಿಯೂಷ್ ಮಾನುಷ್ ಬಂಧನವೂ ಆಯಿತು. 2019ರ ಏಪ್ರಿಲ್ 8ರಂದು ಮದ್ರಾಸ್ ಹೈಕೋರ್ಟ್ ಭೂಸ್ವಾಧೀನದ ಅಧಿಸೂಚನೆ ರದ್ದು ಮಾಡಿತು. 2020ರ ಡಿಸೆಂಬರ್ 8ರಂದು ಸುಪ್ರೀಂ ಕೋರ್ಟ್ ಹೊಸ ಅಧಿಸೂಚನೆಗೆ ದಾರಿ ಬಿಟ್ಟಿತು. ಅಂದರೆ ಆಲ್ಬಂ ಬಂದ ವರ್ಷವೇ ರೈತರಿಗೆ ಮತ್ತೆ ಅದೇ ಆತಂಕ. ಅವರ ಹತ್ತಿರ ಸ್ಟೇಜ್, ಗಿಟಾರ್ ಇರಲಿಲ್ಲ. ಆದರೆ ಏನು ಬೇಕು, ಯಾರನ್ನು ಕೇಳಬೇಕು ಅಂತ ಗೊತ್ತಿತ್ತು.

ಹಾಗಾದರೆ ಹಾಡಿನಿಂದ ಏನೂ ಆಗುವುದಿಲ್ವಾ? ಆಗುತ್ತದೆ. ಅದೇ ತಮಿಳುನಾಡಿನ ಕೊಡೈಕನಾಲ್ ನೋಡಿ. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸದಿಂದ ಆರೋಗ್ಯ ಕೆಟ್ಟಿತು ಅಂತ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿದರು. 2015ರ ಜುಲೈಯಲ್ಲಿ, ಚೆನ್ನೈನ ಮುಸ್ಲಿಂ ಕುಟುಂಬದಲ್ಲಿ ಬೆಳೆದ ಸೋಫಿಯಾ ಅಶ್ರಫ್ 'ಕೊಡೈಕನಾಲ್ ವೋಂಟ್' ಎಂಬ ರ್‍ಯಾಪ್ ಹಾಡಿದರು. ವಿಡಿಯೊ ದೇಶ ದಾಟಿ ಓಡಿತು. 2016ರ ಮಾರ್ಚ್‌ನಲ್ಲಿ ಹಿಂದುಸ್ತಾನ್ ಯುನಿಲಿವರ್ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಗೆದ್ದದ್ದು ಹಾಡಲ್ಲ, ಕಾರ್ಮಿಕರು. ಆದರೆ ಹಾಡು ಕೊಟ್ಟ ಒತ್ತಡ ಕಡಿಮೆಯದ್ದಲ್ಲ. ಯಾಕೆಂದರೆ ಅದರಲ್ಲಿ ಕಂಪೆನಿಯ ಹೆಸರಿತ್ತು, ಬೇಡಿಕೆ ಸ್ಪಷ್ಟವಿತ್ತು, ಹಿಂದೆ ಸಂಘಟನೆ ಇತ್ತು.

'ಲೋಕಕ್ಕೆ ಹುಚ್ಚು ಹಿಡಿದಿದೆ' ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇಡೀ ಲೋಕ ಕೇಸು ಹಾಕುವುದಿಲ್ಲ, ಪರಿಹಾರವನ್ನೂ ಕೊಡುವುದಿಲ್ಲ. ಹೆಸರು ಹಿಡಿದು ಹಾಡಿದರೆ ಮಾತ್ರ ಬೆಲೆ ತೆರಬೇಕಾಗುತ್ತದೆ. ಸರ್ಕಾರಿ ಸಾರಾಯಿ ಅಂಗಡಿಗಳ ವಿರುದ್ಧ ಹಾಡಿದ ಜಾನಪದ ಗಾಯಕ ಕೋವನ್ ಅವರನ್ನು 2015ರ ಅಕ್ಟೋಬರ್‌ನಲ್ಲಿ ತಿರುಚ್ಚಿಯಲ್ಲಿ ದೇಶದ್ರೋಹದ ಕೇಸು ಹಾಕಿ ಬಂಧಿಸಲಾಗಿತ್ತು.

ಇದು ನಮ್ಮ ಬ್ಯಾರಿ ಹುಡುಗ ಹುಡುಗಿಯರಿಗೂ ಸಂಬಂಧಪಟ್ಟ ಮಾತು. ದಫ್, ಕೋಲ್ಕಲಿಯ ಪರಂಪರೆ ಇರುವ ಸಮುದಾಯಕ್ಕೆ ಹಾಡಿನ ಶಕ್ತಿ ಹೊಸತಲ್ಲ. ಇಂದು ಪ್ರತಿಭಟನೆಯ ಹಾಡೊಂದು ಬಂದರೆ ಸಂಜೆಯೊಳಗೆ ಎಲ್ಲರ ಸ್ಟೇಟಸ್‌ನಲ್ಲಿ ಇರುತ್ತದೆ, 24 ಗಂಟೆ ಕಳೆದರೆ ಮಾಯ. ಅಷ್ಟಕ್ಕೇ ಕರ್ತವ್ಯ ಮುಗಿಯಿತು ಅಂತ ಸಮಾಧಾನ ಬೇರೆ. ಹಾಗಾದರೆ ಕಡಲ್ಕೊರೆತದಲ್ಲಿ ಮನೆ ಹೋದವರ ಪರಿಹಾರದ ಅರ್ಜಿ ಯಾರು ಬರೆಯುವುದು? ರಸ್ತೆ ಅಗಲ ಮಾಡುವಾಗ ಅಂಗಡಿ ಕಳೆದುಕೊಂಡವರ ಜೊತೆ ಡಿಸಿ ಆಫೀಸಿಗೆ ಯಾರು ಹೋಗುವುದು?

ಬೆಂಗಳೂರಿನ ಬ್ಯಾಂಡ್‌ಗಳನ್ನು ಕೇಳಿ, ಖಂಡಿತ ಕೇಳಿ. ಬ್ಯಾರಿ ಭಾಷೆಯಲ್ಲೇ ಹೊಸ ಹಾಡು ಕಟ್ಟಿದರೆ ಇನ್ನೂ ಒಳ್ಳೆಯದು. ಆದರೆ ಕಟ್ಟುವ ಮೊದಲು ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಯಾರಿಗಾಗಿ ಹಾಡು, ಯಾರನ್ನು ಕೇಳುತ್ತಿದೆ, ಹಾಡು ಮುಗಿದ ಮರುದಿನ ಯಾರು ಹೋಗಿ ನಿಲ್ಲುತ್ತಾರೆ. ಈ ಮೂರಕ್ಕೆ ಉತ್ತರ ಇದ್ದರೆ ಗಿಟಾರ್ ಇಲ್ಲದಿದ್ದರೂ ನಡೆಯುತ್ತದೆ, ಒಂದು ದಫ್ ಸಾಕು.