ಜ್ವರಕ್ಕೆ ಲಂಘನ: ಎಷ್ಟು ದಿನ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಅಮೃತಮಹಲ್ ರಾಸುಗಳ ಬಗ್ಗೆ ಹೇಳಬೇಕಾಗಿಲ್ಲ. ಕಾವಲಿನಲ್ಲಿ ಸುಮ್ಮನೆ ತಿರುಗಾಡುವ ಎತ್ತು ಒಣಹುಲ್ಲಿನಲ್ಲೇ ದಿನ ಕಳೆದೀತು. ನೊಗಕ್ಕೆ ಕಟ್ಟಿದರೆ ಹುರುಳಿ, ಹಿಂಡಿ ಇಡಲೇಬೇಕು. ನಮ್ಮ ರಕ್ತದಲ್ಲಿರುವ ರೋಗನಿರೋಧಕ ಕಣಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಮೈಯಲ್ಲಿ ರೋಗಾಣು ಇಲ್ಲದಾಗ ಈ ಬಿಳಿ ಕಣಗಳಲ್ಲಿ ಹಲವು ಬಹಳ ಮಿತವ್ಯಯಿಗಳು. ಕೊಬ್ಬು, ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ನಿಧಾನವಾಗಿ ಉರಿಸುತ್ತವೆ. ಗ್ಲೂಕೋಸಿನ ಒಂದು ಅಣುವಿನಿಂದ ಎಟಿಪಿ ಎಂಬ ಶಕ್ತಿಯ ನಾಣ್ಯಗಳು ಸುಮಾರು 30 ಸಿಗುತ್ತವೆ. ರೋಗಾಣುವಿನ ಸುಳಿವು ಸಿಕ್ಕಿತೆಂದರೆ ಕ್ರಮವೇ ಬದಲು. ಗ್ಲೂಕೋಸನ್ನು ಗಬಗಬನೆ ಒಳಗೆಳೆದುಕೊಂಡು ಹೆಚ್ಚಿನದನ್ನು ಅರ್ಧಕ್ಕೇ ಒಡೆದು ಬಿಡುತ್ತವೆ. ಹಾಗೆ ಒಡೆದಾಗ ಸಿಗುವುದು ಎರಡೇ ನಾಣ್ಯ. ಆದರೆ ಬೇಗ ಸಿಗುತ್ತದೆ. ಹೊಸ ಕಣಗಳನ್ನು ಕಟ್ಟುವ ಸಾಮಗ್ರಿಯೂ ದೊರೆಯುತ್ತದೆ. ಒಂದು ಕಣ ಕೆಲವೇ ದಿನಗಳಲ್ಲಿ ಸಾವಿರಾರು ಆಗಬೇಕಲ್ಲ!

ಇದರ ಮೇಲೆ ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಶಕ್ತಿಯ ಖರ್ಚು ಶೇ. 10ರಷ್ಟಾದರೂ ಹೆಚ್ಚುತ್ತದೆ.

ಹಾಗಾದರೆ ‘ಲಂಘನಂ ಪರಮೌಷಧಂ’ ಎಂಬ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಂದು ಬ್ಯಾಕ್ಟೀರಿಯಾ ಸೋಂಕಿನಲ್ಲಿ ಗ್ಲೂಕೋಸ್ ಕೊಟ್ಟದ್ದು ಕೇಡಾಯಿತು. ಫ್ಲೂ ವೈರಸ್ ಸೋಂಕಿನಲ್ಲಿ ಅದೇ ಗ್ಲೂಕೋಸ್ ಜೀವ ಉಳಿಸಿತು. ಆದ್ದರಿಂದ ಮೊದಲ ಒಂದೆರಡು ದಿನ ಹಸಿವಿಲ್ಲದವರಿಗೆ ಬಲವಂತವಾಗಿ ತುರುಕಬೇಡಿ. ನೀರು, ಗಂಜಿ, ಮಜ್ಜಿಗೆ ಸಾಕು. ತಪ್ಪಾಗುವುದು ಈ ಪಥ್ಯವನ್ನು ವಾರಗಟ್ಟಲೆ ಎಳೆದಾಗ, ಅದರಲ್ಲೂ ಮಕ್ಕಳಿಗೆ, ಬಾಣಂತಿಯರಿಗೆ, ಕ್ಷಯರೋಗಿಗಳಿಗೆ.

ಕ್ಷಯ ತಿಂಗಳುಗಟ್ಟಲೆ ನಡೆಯುವ ಯುದ್ಧ. ಬರಿಹೊಟ್ಟೆಯಲ್ಲಿ ಅದನ್ನು ಗೆಲ್ಲಲಾಗದು. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಿಗೆ ಹೆಚ್ಚಿನ ಪಡಿತರ ಕೊಟ್ಟಾಗ ಅವರಿಗೆ ಆ ರೋಗ ತಗಲುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕ್ಷಯರೋಗಿಯ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಲ್ಲಿ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರ್‌ನಿಂದ ಅದನ್ನು 1000ಕ್ಕೆ ಏರಿಸಿತು. ಇದು ದಾನವಲ್ಲ, ಚಿಕಿತ್ಸೆಯ ಭಾಗ. ಸಂಕೋಚ ಬಿಟ್ಟು ಕೇಳಿ ಪಡೆಯಿರಿ.

ಹಾಗೆಂದು ಸಕ್ಕರೆ ಮುಕ್ಕಬೇಕಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ಅಪಾಯ. ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ, ಹಾಲು ಇವೇ ಸಾಕು. ಮೂರು ದಿನ ಮೀರಿದ ಜ್ವರಕ್ಕೆ ವೈದ್ಯರನ್ನು ಕಾಣಲೇಬೇಕು. ಆದರೆ ಅವರು ಬರೆದ ಮಾತ್ರೆಯ ಜೊತೆಗೆ ತಟ್ಟೆಯಲ್ಲಿ ಮುದ್ದೆಯೂ ಇರಲಿ. ದುಡಿಯುವ ಎತ್ತಿಗೆ ಮೇವು ತಪ್ಪಿಸುವ ರೈತ ನಮ್ಮಲ್ಲಿ ಯಾರಿದ್ದಾನೆ?