ಸಣ್ಣ ಸಿಲಿಂಡರ್ ಊರಲ್ಲೇ ಸಿಗಲಿ



ದಾಭೋಳ–ಬೆಂಗಳೂರು ಅನಿಲ ಕೊಳವೆ ಮಾರ್ಗ 2013ರಲ್ಲೇ ಉದ್ಘಾಟನೆಯಾಯಿತು. ಆದರೆ ಸೇಡಂ ತಾಲ್ಲೂಕಿನ ನಮ್ಮ ಆಡಕಿಯಲ್ಲಿ ಇಂದಿಗೂ ಅನೇಕರ ಒಲೆ ಉರಿಯುವುದು ತೊಗರಿ ಕಟ್ಟಿಗೆಯಿಂದ. ಉಜ್ವಲಾ ಯೋಜನೆಯ ಅಡುಗೆ ಅನಿಲ ಸಂಪರ್ಕವಿದ್ದರೂ 14.2 ಕೆ.ಜಿ. ಸಿಲಿಂಡರಿನ ಪೂರ್ತಿ ಹಣ ಮೊದಲೇ ಕೊಡಬೇಕು. ಸಬ್ಸಿಡಿ ಖಾತೆಗೆ ಬರುವುದು ಆಮೇಲೆ. ದಿನಗೂಲಿಯವರಿಗೆ ಇದು ಆಗುವ ಮಾತೇ? ಕೆಲಸವಿಲ್ಲದ ವಾರಗಳಲ್ಲಿ ಖಾಲಿ ಸಿಲಿಂಡರ್ ಮೂಲೆ ಸೇರುತ್ತದೆ, ಹೆಣ್ಣುಮಕ್ಕಳು ಮತ್ತೆ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಾರೆ.

ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟು ಆಮದು. ಹೀಗಾಗಿ ಕೊಳವೆ ಅನಿಲ ಹಳ್ಳಿ ಮುಟ್ಟಲು ಕಾಲ ಹಿಡಿಯುತ್ತದೆ, ಒಪ್ಪೋಣ. ಅಲ್ಲಿಯವರೆಗೆ 5 ಕೆ.ಜಿ. ಸಿಲಿಂಡರ್ ಊರಲ್ಲೇ ಸಿಗುವಂತೆ ಜಿಲ್ಲಾಡಳಿತ ಹಾಗೂ ತೈಲ ಕಂಪನಿಗಳು ವ್ಯವಸ್ಥೆ ಮಾಡಬೇಕು. ಮುಂದೆ ಕಲಬುರಗಿ ಜಿಲ್ಲೆಯಲ್ಲಿ ಕೊಳವೆ ಹಾಕುವಾಗ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳನ್ನೂ ಸೇರಿಸಿಕೊಳ್ಳಬೇಕೆಂದು ವಿನಂತಿ.

— ಒಬ್ಬ ಓದುಗ, ಆಡಕಿ